ಅಂಗೈಯಗಲ

ಹಾಸನದ ದೊಡ್ಡಾಸ್ಪತ್ರೆ, ಬೆಳಗಿನ ಜಾವ ಮೂರೂಕಾಲು.
ಲಿಫ್ಟು ಕೆಟ್ಟಿತ್ತು. ಇಳಿಜಾರು ಹಾದಿಯಲ್ಲಿ
ನಾನೇ ತಳ್ಳಿಕೊಂಡು ಹತ್ತಿದೆ ಮಿಷನ್ನು.
ಮುಂದಿನ ಎಡಗಾಲಿ ಕಿರ್ರೆನ್ನುತ್ತದೆ,
ಸಿಸ್ಟರ್ ಫಿಲೋಮಿನಾಗೆ ಅಷ್ಟು ಸಾಕು,
ಬಾಗಿಲು ತೆಗೆದಿರುತ್ತಾಳೆ.

ಬೆಂಚಿನ ಮೇಲಿಂದ ಒಬ್ಬಾತ ಎದ್ದ.
ಅಂಗಿಯ ತುಂಬ ಕೆಮ್ಮಣ್ಣಿನ ಧೂಳು,
ಮಂಡಿಯಲ್ಲಿ ಆಲೂಗಡ್ಡೆ ಮೂಟೆ ಇಳಿಸುವವನು.
"ಮೇಡಮ್ಮೋರೆ, ಒಂದ್ ಮಾತು.
ಗೆಡ್ಡೆಗೆ ಬೆಳಕು ತಾಗುದ್ರೆ ಹಸುರಾಯ್ತದೆ,
ಕಹಿಯಾಯ್ತದೆ, ಅದ್ಕೇ ಗೋಣಿ ಮುಚ್ತೀವಿ.
ಮೊನ್ನೆ ಒಂದ್ ಸಲ ಹಿಡುದ್ರಿ, ನಿನ್ನೆ ಒಂದ್ ಸಲ.
ನಮ್ ಮಗೀಗೆ ಏನ್ ಮುಚ್ತೀರಿ?"

ಡಿಪ್ಲೊಮಾದ ಮೂರು ವರ್ಷದಲ್ಲಿ ಯಾರೂ
ಇಷ್ಟು ನೇರ ಕೇಳಿರಲಿಲ್ಲ.
"ನೋಡ್ಕೋತೀನಣ್ಣ" ಅಂದೆ.
ಅದು ಉತ್ತರವಲ್ಲ.

ಒಳಗೆ, ವಾರ್ಮರಿನ ಕೆಳಗೆ,
ಬೇಬಿ ಆಫ್ ಸುಕನ್ಯಾ. ಸಾವಿರದ ನೂರು ಗ್ರಾಂ.
ಅವನ ತಕ್ಕಡಿಯಲ್ಲಾದರೆ ಹತ್ತು ಗೆಡ್ಡೆ.
ಹುಟ್ಟಬೇಕಾದ ದಿನ ಇನ್ನೂ ಹತ್ತು ವಾರ ದೂರ;
ಮೂಗಿಗೆ ನಳಿಗೆ, ಪಾದಕ್ಕೆ ಕೆಂಪು ದೀಪ,
ಎದೆಗೂಡು ಸೆಳೆದು ಸೆಳೆದು ಉಸಿರು ಹುಡುಕುತ್ತಿತ್ತು.

ಮಿಷನ್ನಿನ ತಲೆ ಬಗ್ಗಿಸಿ ಗುಂಡಿ ಒತ್ತಿದರೆ
ಮೊದಲು ಬೀಳುವುದು ಸಾದಾ ಬಲ್ಬಿನ ಬೆಳಕು,
ಹಳದಿ, ನಡುವೆ ನೆರಳಿನ ಕೂಡುಗೆರೆ.
ಅದರಿಂದ ಯಾರಿಗೂ ಏನೂ ಆಗುವುದಿಲ್ಲ;
ಕಾಣದ ಇನ್ನೊಂದು ಎಲ್ಲಿ ಬೀಳಬೇಕೆಂದು
ಗಡಿ ಗುರುತು ಮಾಡಿ ಹೋಗುವ ಸರ್ವೇಯರು.

ಎರಡು ತಿರುಪು. ತಿರುಗಿಸಿದೆ.
ಕಣ್ಣಿಂದ ಸರಿಯಿತು ಬೆಳಕು, ಗಲ್ಲದಿಂದ ಸರಿಯಿತು,
ಹೊಕ್ಕುಳ ಕೆಳಗಿನದೆಲ್ಲ ಕತ್ತಲಿಗೆ ಬಿಟ್ಟೆ.
ಉಳಿದದ್ದು ಎದೆ,
ನನ್ನ ಅಂಗೈಯಗಲ.

ಮೊದಲೆಲ್ಲ ಹೀಗೆ ಮಾಡುತ್ತಿರಲಿಲ್ಲ ನಾನು.
ಪೂರ್ತಿ ಮೈಗೆ ತೆರೆದು ತೆಗೆದು
ಆಮೇಲೆ ಕಂಪ್ಯೂಟರಿನಲ್ಲಿ ಅಂದವಾಗಿ ಕತ್ತರಿಸುತ್ತಿದ್ದೆ.
ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿದವರೂ ಉಂಟು.
ಕತ್ತರಿಸಿದ್ದು ಚಿತ್ರವನ್ನು. ಬಿದ್ದದ್ದು ಬಿದ್ದೇ ಇತ್ತು
ಕಾಲಿಗೆ, ಕಿಬ್ಬೊಟ್ಟೆಗೆ, ಇನ್ನೂ ಕೂಡದ ನೆತ್ತಿಗೆ.
ಎಷ್ಟು ಮಕ್ಕಳಿಗೆ, ರಿಜಿಸ್ಟರು ಹೇಳುತ್ತದೆ.
ನಾನು ಎಣಿಸಿಲ್ಲ.

ಸ್ಟೋರಿನಲ್ಲಿ ಹಳೆಯ ಫಿಲ್ಮುಗಳ ಕಟ್ಟಿವೆ, ಗೆದ್ದಲು ತಿಂದು ಬಿಟ್ಟವು.
ಕಿಟಕಿಗೆ ಹಿಡಿದರೆ, ಪುಟ್ಟ ಪಕ್ಕೆಲುಬುಗಳ ಎರಡೂ ಬದಿ
ದೊಡ್ಡವರ ಬೆರಳ ಮೂಳೆ.
ಒಂದರಲ್ಲಿ ಉಂಗುರ. ಮತ್ತೊಂದರಲ್ಲೂ ಅದೇ ಉಂಗುರ.
ಆಯಾ ಸಣ್ಣತಾಯಮ್ಮ, ಮಗು ಮಿಸುಕದಂತೆ ಹಿಡಿದವಳು,
ಸೀಸದ ಏಪ್ರನ್ನು ಭಾರವೆಂದು ಮೊಳೆಗೇ ಬಿಟ್ಟು,
ಇಪ್ಪತ್ತೆರಡು ವರ್ಷ.
ಆಸ್ಪತ್ರೆಯ ಯಾವ ಗ್ರೂಪ್ ಫೋಟೋದಲ್ಲೂ ಆಕೆ ಇಲ್ಲ.

ಫಿಲೋಮಿನಾ ಏಪ್ರನ್ನು ತೊಟ್ಟಳು,
ಬಟ್ಟೆಯ ಸುರುಳಿ ಎರಡು ಪಕ್ಕಕ್ಕೆ ಒತ್ತಿಟ್ಟಳು,
ಎದೆ ಮೇಲಿನ ವೈರು ಒಂದೊಂದೇ ಸರಿಸಿದಳು;
ಒಂದು ಅಡ್ಡ ಬಂದರೂ ಇನ್ನೊಂದು ಸಲ,
ಇನ್ನೊಂದು ಸಲವೆಂದರೆ ಎರಡರಷ್ಟು.
ಪಕ್ಕದ ತೊಟ್ಟಿಲನ್ನು ಆಚೆ ತಳ್ಳಿದೆವು.
ದಾರವಿದ್ದಷ್ಟೂ ಹಿಂದೆ ಸರಿದು ನಿಂತೆ,
ಗುಂಡಿಯ ಮೇಲೆ ಹೆಬ್ಬೆಟ್ಟು, ಹೊಟ್ಟೆಯ ಮೇಲೆ ಕಣ್ಣು.
ಇಳಿಯಿತು. ತಡೆದೆ.
ಮತ್ತೆ ಇಳಿಯಿತು. ತಡೆದೆ.
ಏರಿತು

ಟಿಕ್.

ಮೊನ್ನೆ ಬರೀ ಮಂಜು ಕವಿದಿದ್ದ ಕಡೆ
ಕಪ್ಪಗೆ ಗಾಳಿ ತುಂಬಿಕೊಂಡಿತ್ತು, ಎರಡೂ ಬದಿ.
ಡಾಕ್ಟರ್ ತಿಪ್ಪೇಶ್ ಪರದೆ ನೋಡಿ, ಮಗುವನ್ನು ನೋಡಿ,
ನಾಳೆಯ ಸಾಲಿನ ಎಕ್ಸ್‌ರೇ ಮೇಲೆ ಗೀರೆಳೆದರು.
ಬಾಲ್‌ಪೆನ್ನಿನ ಗೀರು. ಸೀಸಕ್ಕಿಂತ ಗಟ್ಟಿ.

ಆತ ಹೊರಗೆ ನಿಂತೇ ಇದ್ದ.
"ಎಷ್ಟ್ ಮುಚ್ಚುದ್ರಿ?"
ಅಂಗೈ ಬಿಚ್ಚಿ ತೋರಿಸಿದೆ, "ಇಷ್ಟು ಬಿಟ್ಟು ಮಿಕ್ಕಿದ್ದೆಲ್ಲ."
ನನ್ನ ಅಂಗೈ ನೋಡಿದ,
ಹಗ್ಗ ಕೊರೆದ ತನ್ನದನ್ನು ನೋಡಿಕೊಂಡ.
"ಅಷ್ಟಾದ್ರೂ ಯಾಕ್ ಬುಟ್ರಿ?"
ನಾನು ಬಾಯಿ ತೆರೆಯುವ ಮೊದಲೇ ತಲೆಯಾಡಿಸಿದ:
"ಹೂಂ, ಒಳಗ್ ಏನಾಗದೆ ಅಂತ
ನಾವೂ ಗೋಣಿ ಬಾಯಿ ಬಿಚ್ಚಿ ನೋಡ್ತೀವಿ.
ನೋಡಿ, ಹೊಲ್ದ್‌ಬುಡ್ತೀವಿ."

ಗಾಲಿಗೆ ಎಣ್ಣೆ ಬಿಡಬೇಕು ಅಂದುಕೊಂಡೆ ಇಳಿಯುತ್ತ,
ಮತ್ತೆ ಬೇಡವೆನಿಸಿತು.